ಹಳೇ ದರದ ಸಂಸಾರ

ಹುಕ್ಕೇರಿ
ತಾ. ೭-೬-೧೯೪೩

ಅಪ್ಪನವರಿಗೆ ಕಾಶೆವ್ವನ ಶರಣಾರ್ಥಿ.

ಇಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಬೇರೆಯಾಗಿತ್ತು. ದಿನವೂ ಬಡಿತದ ಜೊತೆ ಚಿನ್ನದ ಬಿಲ್ವಾರಗಳು ಗಾಜಿನ ಬಳೆಗೆ ತಾಗಿ ಸಣ್ಣಗೆ ನುಡಿಯುತ್ತಿದ್ದವು. ಇಂದು ಬರೀ ಅಂಗೈ ಹಿಟ್ಟಿಗೆ ಬಡಿಯುವ ಸದ್ದು. ನೀವು ಎರಡು ಮಾರು ದೂರದಲ್ಲಿ ಕೂತು ಮೂರು ರೊಟ್ಟಿ ಉಂಡಿರಿ. ಉಪ್ಪು ಕಡಿಮೆ ಎಂದಿರಿ. ಎದ್ದು ಮನೆಮುಂದಿನ ಕಟ್ಟೆಗೆ ಹೋದಿರಿ.

ಇದನ್ನೆಲ್ಲ ಎದುರಿಗೆ ಹೇಳಬೇಕಿತ್ತು. ನಿಮ್ಮ ಮುಂದೆ ನಿಂತರೆ ನನಗೆ ನಾಲಗೆ ಹೊರಳುವುದಿಲ್ಲ, ನಿಮಗೇ ಗೊತ್ತು. ಬಿ.ಎ. ಆದ ಮಗಳು ಮನೆಗೆ ಬಂದವರಿಗೆ ನೀರು ಕೊಟ್ಟು ಬಾಗಿಲ ಹಿಂದೆ ನಿಲ್ಲುತ್ತಾಳೆ ಎಂದು ನೀವೇ ಹೆಮ್ಮೆಯಿಂದ ಹೇಳುತ್ತೀರಿ. ಧಾರವಾಡದಲ್ಲಿ ನನ್ನನ್ನು ಓದಿಸಿದ್ದು ಮಸಗುಪ್ಪಿಯ ಸೋದರಮಾವ ಕರೆಪ್ಪನವರು. ಹೇಳಿಕೊಳ್ಳುವುದು ನೀವು. ಇರಲಿ. ಬಾಗಿಲ ಹಿಂದೆ ನಿಂತವರಿಗೆ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ.

ಗೋಕಾವಿಯ ಹತ್ತಿ ವಖಾರಿಯಲ್ಲಿ ನೀವು ಹಿರಿಯ ಗುಮಾಸ್ತರಾಗಿದ್ದಿರಿ. ಮಾಲೀಕನ ಮಗ ಒಂದು ದಿನ ಏಕವಚನದಲ್ಲಿ ಕರೆದನೆಂದು ನಲವತ್ತಾರನೆಯ ವಯಸ್ಸಿಗೇ ನೌಕರಿ ಬಿಟ್ಟು ಬಂದಿರಿ. ಆ ಹಟ ನನಗೆ ಆಗ ದೊಡ್ಡದಾಗಿ ಕಂಡಿತ್ತು. ಬಂದವರೇ ಒಂದು ಇಡೀ ದಿನ ಕೂತು, ಪೋಸ್ಟಿನಲ್ಲಿಟ್ಟ ದುಡ್ಡು ಎಪ್ಪತ್ತರ ತನಕ ಹೇಗೆ ಸಾಲುತ್ತದೆ ಎಂದು ಬರೆದಿಟ್ಟಿರಿ. ಸಂತೆಗೆ ವಾರಕ್ಕೆ ಎರಡೂವರೆ ರೂಪಾಯಿ. ಅದು ಸಾವಿರದ ಒಂಬೈನೂರಾ ಮೂವತ್ತೆಂಟು. ಆಮೇಲೆ ಯುದ್ಧ ಬಂತು, ಜೋಳ ಎರಡು ಪಟ್ಟಾಯಿತು, ಎಣ್ಣೆ ಮೂರು ಪಟ್ಟಾಯಿತು. ನಿಮ್ಮ ಎರಡೂವರೆ ರೂಪಾಯಿ ಮಾತ್ರ ಕದಲಲಿಲ್ಲ. ಹೆಚ್ಚು ಕೇಳುವವರು ಕಳ್ಳರು, ಅವರ ಹತ್ತಿರ ಕೊಳ್ಳಬೇಡ ಎಂದು ಅವ್ವನಿಗೆ ಅಪ್ಪಣೆಯಾಯಿತು. ಕಳ್ಳರಲ್ಲದವರ ಅಂಗಡಿ ಎಲ್ಲಿದೆ ಎಂದು ನೀವು ಹೇಳಲಿಲ್ಲ. ಈ ಐದು ವರ್ಷದಲ್ಲಿ ನೀವು ಸಂತೆಗೆ ಕಾಲಿಟ್ಟವರೂ ಅಲ್ಲ. ಚೀಲ ಹಿಡಿಯುವುದು ಗಂಡಸರ ಮರ್ಯಾದೆಗೆ ಕಡಿಮೆಯಂತೆ.

ಹೋದ ವಾರ ಅವ್ವನ ಜೊತೆ ನಾನು ಹೋಗಿದ್ದೆ. ನಿಮ್ಮ ದರ ಹೇಳಿದ್ದಕ್ಕೆ ಉಳ್ಳಾಗಡ್ಡಿ ಮಾರುವ ಮಾಯವ್ವ ತಕ್ಕಡಿ ಕೆಳಗಿಟ್ಟು ನಕ್ಕಳು. ‘ಯಕ್ಕಾರ, ನಿಮ್ಮ ಯಜಮಾನ್ರು ಇನ್ನೂ ಯಾವ ಕಾಲದಾಗ ಅದಾರ್ರಿ? ಆ ದರಕ್ಕ ಬರೇ ಸಿಪ್ಪಿ ಬರತೈತಿ, ತಗೊಂಡ ಹೋಗ್ರಿ, ಕಣ್ಣೀರು ಪುಕ್ಕಟ!’ ಸುತ್ತಲಿನವರೆಲ್ಲ ನಕ್ಕರು. ಅವ್ವನೂ ನಕ್ಕಳು. ಅವಳಿಗೆ ರೂಢಿಯಾಗಿದೆ. ಸೆರಗಿನ ಗಂಟು ಬಿಚ್ಚಿ ಖರೇ ದರ ಕೊಟ್ಟಳು.

ಆ ಗಂಟಿನ ದುಡ್ಡು ಎಲ್ಲಿಂದ ಬಂತು ಎಂದು ನೀವು ಕೇಳುವವರಲ್ಲ, ಆದ್ದರಿಂದ ಹೇಳುತ್ತೇನೆ. ಮೊದಲು ಓಣಿಯವರಿಗೆ ಕೌದಿ ಹೊಲಿದು ಕೊಟ್ಟಳು. ಹೊಲಿದದ್ದೆಲ್ಲ ತವರಿನವರದು ಎಂದು ನಿಮಗೆ ಹೇಳಿದಳು. ಆಮೇಲೆ ತಾಮ್ರದ ಹಂಡೆ ಹೋಯಿತು. ತೂತು ಬಿದ್ದಿತ್ತು ಎಂದಳು, ನೀವು ನಂಬಿದಿರಿ. ನಿನ್ನೆ ಬಿಲ್ವಾರ ಹೋದವು. ಇನ್ನು ಉಳಿದದ್ದು ಕೊರಳಿನ ತಾಳಿ. ಬರುವ ತಿಂಗಳು ಅದನ್ನೂ ಅಕ್ಕಸಾಲಿ ಪತ್ತಾರನ ಮುಂದೆ ಮಾರಲು ಇಡುತ್ತಾಳೆ. ‘ದಾರದಾಗ ಅರಿಷಿಣ ಕೊಂಬು ಕಟಗೊಂಡ್ರ ಯಾರಿಗೆ ಕಾಣತೈತಿ ತಂಗಿ, ಸೆರಗು ಐತಲ್ಲ’ ಎಂದು ರಾತ್ರಿ ನನಗೆ ಸಮಾಧಾನ ಹೇಳಿದಳು.

ನೀವು ಆ ಹೊತ್ತಿಗೆ ಕಟ್ಟೆಯ ಮೇಲೆ ರಾಚಪ್ಪ ಕಾಕಾ, ಉದ್ದಪ್ಪ ಶೆಟ್ಟರ ನಡುವೆ ಕೂತಿದ್ದಿರಿ. ‘ತುಟ್ಟಿ ಕಾಲ ತುಟ್ಟಿ ಕಾಲ ಅಂತ ಊರೆಲ್ಲ ಅಳಾಕತ್ತೈತಿ. ಸಂಸಾರ ಮಾಡಾಕ ಬರಬೇಕಪಾ! ಐದು ವರ್ಷ ಆತು, ನನ್ನ ಮನ್ಯಾಗ ಒಂದ ಪೈ ಹೆಚ್ಚಿಗಿ ಖರ್ಚಾಗಿಲ್ಲ’ ಎಂದಿರಿ. ಶೆಟ್ಟರು, ‘ಮುರಿಗೆಪ್ಪನವ್ರು ದಿವಾಣರಾಗಬೇಕಿತ್ರಿ’ ಎಂದರು. ಅವರಿಗೆ ಕಿರಾಣಿ ಅಂಗಡಿಯಿದೆ, ಅಪ್ಪಾ. ಅವ್ವ ಯಾವ ದರ ಕೊಟ್ಟು ಒಯ್ಯುತ್ತಾಳೆಂದು ಅವರಿಗೆ ಗೊತ್ತು. ಅವರು ಮೀಸೆಯಲ್ಲಿ ನಗುವುದು ಬಾಗಿಲ ಸಂದಿಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಿಮ್ಮ ಉಪದೇಶ ಕೇಳಿ ಸಾಲಿ ಮಾಸ್ತರ ಲಗಮಪ್ಪನವರೂ ಮನೆಯಲ್ಲಿ ಸಂತೆಯ ದುಡ್ಡು ಇಳಿಸಿದ್ದಾರೆ. ಮೊನ್ನೆ ಅವರ ಹೆಂಡತಿ ಕೆಂಪವ್ವ, ಬಸುರಿ ಹೆಂಗಸು, ಹಿತ್ತಲ ಬಾಗಿಲಿಗೆ ಬಂದು, ‘ಯಕ್ಕಾ, ನೀವು ಹೆಂಗ ಮಾಡ್ತೀರಿ, ನನಗೂ ಒಂದೀಟು ಹೇಳಿಕೊಡ್ರಿ’ ಎಂದು ಕೈ ಹಿಡಿದುಕೊಂಡಳು. ಅವ್ವ ಅವಳನ್ನು ಒಳಗೆ ಕರೆದು ಕೌದಿ ಹೊಲಿಯುವ ಒಂದು ಸೂಜಿ ಕೊಟ್ಟಳು.

ಗೋಕಾವಿಯ ಹೆಣ್ಣುಮಕ್ಕಳ ಸಾಲಿಯಿಂದ ನನಗೆ ನೌಕರಿಯ ಕಾಗದ ಬಂದಾಗ ನೀವು ಓದಿ ಮಡಚಿಟ್ಟಿರಿ. ‘ಮಗಳ ಪಗಾರ ತಿನ್ನಾವ ಅಂತಾರ ನನಗ’ ಎಂದಿರಿ. ಅವ್ವನ ಬಳೆ ತಿಂದವರಿಗೆ ಆ ಅಂಜಿಕೆ ಯಾಕೆ ಎಂದು ಬಾಯಿಗೆ ಬಂದಿತ್ತು. ನೀರು ತಂದು ಕೊಟ್ಟೆ.

ಆ ಸಾಲಿಗೆ ನಾನು ಒಪ್ಪಿಗೆ ಬರೆದು ಹದಿನೈದು ದಿನವಾಯಿತು. ನಾಳೆ ಬೆಳಗಿನ ಬಸ್ಸಿಗೆ ಮಾವನ ಜೊತೆ ಹೋಗುತ್ತೇನೆ. ಈ ಕಾಗದ ನಿಮ್ಮ ಪಾಸಬುಕ್ಕಿನೊಳಗೆ ಇಡುತ್ತೇನೆ, ಅದನ್ನಾದರೂ ದಿನಾ ತೆರೆಯುತ್ತೀರಿ.

ಪಗಾರದಲ್ಲಿ ಹದಿನೈದು ರೂಪಾಯಿ ತಿಂಗಳಿಗೊಮ್ಮೆ ಮನೆಗೆ ಬರುತ್ತದೆ. ಅವ್ವನ ಸೆರಗಿಗೆ ಕದ್ದು ಕಟ್ಟುವವಳಲ್ಲ ನಾನು. ನಿಮ್ಮ ಹೆಸರಿಗೇ ಮನಿಯಾರ್ಡರು ಮಾಡುತ್ತೇನೆ. ಟಪಾಲಿನ ಖಂಡೆಪ್ಪ ಸಂಜೆ ಕಟ್ಟೆಗೇ ತರುತ್ತಾನೆ. ಕಳಿಸಿದವರ ಹೆಸರು ಗಟ್ಟಿಯಾಗಿ ಓದುವುದು ಅವನ ರೂಢಿ. ಕಾಕಾ, ಶೆಟ್ಟರು, ಮಾಸ್ತರು ಎಲ್ಲರೂ ಕೂತಿರುತ್ತಾರೆ. ರುಜು ಮಾಡಿ ಎಣಿಸಿಕೊಳ್ಳಿರಿ. ಬೇಡವೆಂದರೆ ಅವರೆದುರಿಗೇ ವಾಪಸು ಕಳಿಸಿರಿ, ಯಾಕೆ ಬೇಡವೆಂದು ಮಾಸ್ತರರಿಗೆ ಹೇಳಿರಿ.

ಇತಿ, ನಿಮ್ಮ ಮಗಳು
ಕಾಶೆವ್ವ

ತಾ.ಕ.: ಅವ್ವನ ಮೇಲೆ ಸಿಟ್ಟಾಗಬೇಡಿರಿ. ಯುದ್ಧ ಹತ್ತಿ ದರ ಏರಿದ ಮೇಲಿನ ಮೊದಲ ಸಂತೆಯಿಂದ ಅವಳು ಅರ್ಧ ಚೀಲ ತಂದು, ಇದ್ದದ್ದನ್ನು ಇದ್ದ ಹಾಗೆ ನಿಮಗೆ ಹೇಳಲು ಕಟ್ಟೆಯ ಕಡೆ ಹೊರಟಿದ್ದಳು. ನಾನು ರಜೆಗೆ ಬಂದಿದ್ದೆ. ನಿಮ್ಮ ದನಿ ಏರುವುದಕ್ಕೆ ಅಂಜಿ, ಸೆರಗು ಹಿಡಿದು ಒಳಗೆ ಎಳೆದು, ‘ಹಳೇ ದರಕ್ಕ ಸಿಕ್ಕತು ಅನ್ನು ಯವ್ವಾ’ ಎಂದು ಹೇಳಿಕೊಟ್ಟವಳು ನಾನು.