ಕೆಂಪು ಚುಕ್ಕೆ

ಜುಲೈ ೧೪, ಮಂಗಳವಾರ

ಅಕ್ಕನಿಗೆ ಸುಳ್ಳು ಹೇಳಿದೆ. ಮಲಗಿದರೂ ಅದೇ ಕೊರೆಯುತ್ತಿದೆ.

ಇವತ್ತು ಪ್ರಯೋಗಕ್ಕೆ ಬರಬೇಕಿದ್ದವರು ಕೈಕೊಟ್ಟರೆಂದು ಅಕ್ಕನನ್ನೇ ಲ್ಯಾಬಿಗೆ ಕರೆದೊಯ್ದು ಪರದೆಯ ಮುಂದೆ ಕೂರಿಸಿದೆ. ಕಪ್ಪು ಚುಕ್ಕೆಗಳು ಒಂದರ ಹಿಂದೊಂದು ಮಿಂಚಿ ಮಾಯವಾಗುತ್ತವೆ, ನಡುವೆ ಎಲ್ಲೋ ಒಂದು ಕೆಂಪು. ಎಲ್ಲವೂ ಇರುವುದು ಸರಿಸಮ ಹೊತ್ತು. ಹೊಸದನ್ನು ಕಂಡ ಮಿದುಳು ಮಾತ್ರ ಅದರ ಹೊತ್ತನ್ನು ಹಿಗ್ಗಿಸಿಬಿಡುತ್ತದೆ. ಕೊನೆಗೆ ಇದನ್ನು ಬಂದವರಿಗೆಲ್ಲ ಬಿಡಿಸಿ ಹೇಳಲೇಬೇಕು, ಅದು ನಮ್ಮಲ್ಲಿ ಕಡ್ಡಾಯ.

"ಕೆಂಪು ಚುಕ್ಕೆ ಜಾಸ್ತಿ ಹೊತ್ತು ಇತ್ತು ಕಣೇ," ಅಂದಳು ಅಕ್ಕ. ಆಮೇಲೆ ತಾನಾಗಿಯೇ, "ಹೋಗೋ ಮುಂಚೆ ಆಸ್ಪತ್ರೆಲಿ ನಿಮ್ಮ ಭಾವ ಕಣ್ಣು ಬಿಟ್ರಲ್ಲ, ಹಾಗೆ. ಎಷ್ಟು ಹೊತ್ತು ನನ್ನನ್ನೇ ನೋಡಿದ್ರು!"

ಆ ಒಂದು ನೋಟವನ್ನು ನೆಚ್ಚಿಕೊಂಡೇ ಅವಳು ಈ ವರ್ಷ ತಳ್ಳಿದ್ದಾಳೆ.

"ನಾನು ಸರಿ ಹೇಳಿದ್ನಾ?"

"ಸರಿಯಾಗೇ ಹೇಳ್ದೆ ಅಕ್ಕಾ. ಕೆಂಪೇ ಜಾಸ್ತಿ ಹೊತ್ತಿತ್ತು," ಅಂದು ಕಂಪ್ಯೂಟರ್ ಆರಿಸಿದೆ. ದಿನಾ ಬಾಯಿಪಾಠದಂತೆ ಒಪ್ಪಿಸುವ ವಿವರಣೆಯನ್ನು ಇವತ್ತು ಬಿಟ್ಟುಬಿಟ್ಟೆ. ನನ್ನ ಓದಿಗಿಷ್ಟು ಬೆಂಕಿ ಬೀಳಲಿ.

ಮಂಚದ ಆ ಬದಿಗೆ ನಾನೂ ನಿಂತಿದ್ದೆ. ಭಾವ ರೆಪ್ಪೆ ಎತ್ತಿದ್ದು ಒಂದು ಚಣ, ಅಷ್ಟೇ ಇದ್ದಿರಬೇಕು. ಈ ವಿದ್ಯೆಯೆಲ್ಲ ಗೊತ್ತಿರುವವಳು ನಾನು. ಆದರೂ ಕಣ್ಣು ಮುಚ್ಚಿದರೆ ಅವರು ಇನ್ನೂ ನೋಡುತ್ತಲೇ ಇದ್ದಾರೆ.