ಅಂಗಳದ ದೀಪದ ಕಂಬ

ಟೂ ಹಾರ್ಬರ್ಸ್, ಮಿನ್ನೆಸೋಟ
೧೧ ಅಕ್ಟೋಬರ್ ೧೯೯೪, ಮಂಗಳವಾರ

ಪ್ರೀತಿಯ ಐನಾರ್,

ಹೇಗಿದ್ದೀ? ಬೆನ್ನುನೋವು ಇಳಿಯಿತೇ? ಹಡಗಿನ ಮಂಚ ಮೋಟು, ಕಾಲು ಮಡಚಿಕೊಂಡೇ ಮಲಗಬೇಕು ಎಂದು ಜುಲೈಯಲ್ಲಿ ಬಂದ ನಾಲ್ಕು ಸಾಲಿನ ಕಾರ್ಡಿನಲ್ಲಿ ಬರೆದಿದ್ದೆ. ಆಮೇಲೆ ನಿನ್ನಿಂದ ಏನೂ ಬರಲಿಲ್ಲ. ಉಣ್ಣೆಯ ಕಾಲುಚೀಲ ಎರಡು ಜೊತೆ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ಹೋದ ವರ್ಷದ ಹಾಗೆ ಅಡುಗೆಯವನಿಗೆ ದಾನ ಮಾಡಬೇಡ, ನೀನೇ ಹಾಕಿಕೋ. ಡೆಟ್ರಾಯಿಟ್ ನದಿಯಲ್ಲಿ ಟಪಾಲು ದೋಣಿ ಪಕ್ಕಕ್ಕೆ ಬಂದಾಗ ನೀವು ಹಗ್ಗಕ್ಕೆ ಬಕೆಟ್ ಕಟ್ಟಿ ಇಳಿಬಿಟ್ಟು ಕಾಗದ ಎಳೆದುಕೊಳ್ಳುತ್ತೀರಂತಲ್ಲ, ಈ ಕಾಗದವೂ ಒದ್ದೆಯಾಗದೆ ನಿನ್ನ ಕೈ ಸೇರಲಿ.

ನಾನು ಚೆನ್ನಾಗಿದ್ದೇನೆ. ಅತ್ತೆ ಚೆನ್ನಾಗಿಲ್ಲ. ಎಡಗಣ್ಣಿಗೆ ಈಗ ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೂ ಮೊನ್ನೆಮೊನ್ನೆಯವರೆಗೂ ಆಲೂಗಡ್ಡೆ ರೊಟ್ಟಿ ಲಟ್ಟಿಸಲು ನನ್ನನ್ನು ಬಿಡುತ್ತಿರಲಿಲ್ಲ. "ನಿನ್ ರೊಟ್ಟಿ ಬೂಟಿಗೆ ತೇಪೆ ಹಾಕೋಕಾಗತ್ತೆ ಸಿಗ್ನೆ, ತಿನ್ನೋಕಲ್ಲ" ಎನ್ನುತ್ತಾರೆ. ಎರಡು ವಾರದ ಹಿಂದೆ, ರಾತ್ರಿ ಎಂಟೂವರೆಗೆ, ಹಿತ್ತಿಲ ಮೆಟ್ಟಿಲಲ್ಲಿ ಜಾರಿಬಿದ್ದರು. ಬಲಗೈ ಮಣಿಕಟ್ಟು ಮುರಿದಿದೆ. ಗಾಬರಿಯಾಗಬೇಡ, ಪಟ್ಟಿ ಹಾಕಿದ್ದಾರೆ, ಮೂಳೆ ಕೂಡುತ್ತಿದೆ. ನಮ್ಮ ಹಿತ್ತಿಲಲ್ಲಿ ಮೂರು ವರ್ಷದಿಂದ ಒಂದು ದೀಪವೂ ಇಲ್ಲ ಎಂಬುದು ನಿನಗೆ ಗೊತ್ತು. ಹಾಕಿಸೋಣ ಎಂದು ನಾನು ಬಾಯಿ ತೆರೆದಾಗಲೆಲ್ಲ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಈ ಸಲ ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಅವರೇ, "ಯಾರನ್ನಾದ್ರೂ ಕರ್ಸು. ಕತ್ಲೆ ಸಾಕಾಯ್ತು" ಎಂದರು.

ಸಿಲ್ವರ್ ಬೇ ಕಡೆಯಿಂದ ಕರೆಂಟಿನ ಕೆಲಸ ಮಾಡುವ ಐಲಿ ಕೊಸ್ಕಿ ಎಂಬ ಹೆಂಗಸು ಬಂದಿದ್ದಳು. ಐವತ್ತರ ಆಸುಪಾಸು, ಗಿಡ್ಡ ಆಳು, ಗಟ್ಟಿ ಕೈ. ಹಿತ್ತಿಲ ಅಂಗಳದುದ್ದಕ್ಕೂ ಹೊಸ ಕಾಲುವೆ ತೋಡಿ, ಕೊಳವೆಯೊಳಗೆ ತಂತಿ ಎಳೆದು, ಮೆಟ್ಟಿಲ ಬಳಿ ಒಂದು ದೀಪ, ಹಬೆಸ್ನಾನದ ಸೌನಾ ಕೋಣೆಯ ದಾರಿಯಲ್ಲಿ ಎರಡು ದೀಪ ಹಾಕಿದಳು. ಪ್ರತಿ ಕಂಬದಿಂದಲೂ ಹಸಿರು ಅರ್ಥಿಂಗ್ ತಂತಿ ಒಳಗಿನ ಫ್ಯೂಸ್ ಪೆಟ್ಟಿಗೆಯವರೆಗೆ ತುಂಡಾಗದೆ ಬಂದಿದೆಯೇ ಎಂದು ಮೀಟರು ಹಿಡಿದು ನನಗೂ ತೋರಿಸಿದಳು. ಗ್ಯಾರೇಜಿನಲ್ಲಿ ಚಳಿಗಾಲದ ಟೈರುಗಳನ್ನು ಸರಿಸಿ ನಿನ್ನ ಹಳೆಯ ವೈರಿಂಗ್ ಕೆಲಸವನ್ನು ಬಹಳ ಹೊತ್ತು ನೋಡುತ್ತಾ ನಿಂತಳು. ಆಮೇಲೆ, "ಇದ್ಯಾರು ಮಾಡಿದ್ದು?" ಎಂದು ಕೇಳಿದಳು. ನನ್ನ ಗಂಡ ಎಂದೆ. ಊರಿನವರು ಹೇಳಿದ್ದು ಅವಳ ಕಿವಿಗೂ ಬಿದ್ದಿರಬೇಕು, ಪೈಪಿನುದ್ದಕ್ಕೂ ಬೆರಳು ಸವರಿದಳು. "ಪೈಪು ಬಗ್ಸಿರೋದ್ ನೋಡ್ರೀ, ಒಂದೊಂದ್ ಮೊಳೆನೂ ಅಳೆದು ಹೊಡೆದಿದಾರೆ. ಸಾಕೆಟ್ಟಿಗೆ ತಂತಿ ತಪ್ಪಾಗಿ ಸಿಕ್ಸೋ ಕೈ ಅಲ್ಲ ಕಣ್ರೀ ಇದು" ಎಂದಳು. ಕಾಫಿ ತರುತ್ತೇನೆಂದು ಒಳಗೆ ಹೋದವಳು ಅಡುಗೆಮನೆಯ ನಲ್ಲಿ ತಿರುಗಿಸಿಟ್ಟು ಅತ್ತುಬಿಟ್ಟೆ. ಅತ್ತೆ ಅಲ್ಲೇ ಮೇಜಿನ ಹತ್ತಿರ ಕೂತಿದ್ದರು. ಕಣ್ಣು ಮಸುಕಾದವರಿಗೆ ಕಿವಿ ಚುರುಕಾಗಿರುತ್ತದೆ, ಐನಾರ್.

ಮಾವ ಹೋದ ಆ ದಿನದ್ದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ನಾವಿಬ್ಬರೂ ಒಟ್ಟಿಗೆ ಕೂತು ಅದನ್ನು ಒಮ್ಮೆಯೂ ಆಡಿಕೊಂಡಿಲ್ಲ. ಅತ್ತೆಯ ಕಣ್ಣು ಮಂಜಾಗತೊಡಗಿದ ವರ್ಷ ನೀನು ಹಿತ್ತಿಲಲ್ಲಿ ಆ ಕಬ್ಬಿಣದ ದೀಪದ ಕಂಬ ನೆಟ್ಟೆ, ಗ್ಯಾರೇಜಿನಲ್ಲಿ ಒತ್ತುಗುಂಡಿಯಿರುವ ಕಾವಲು ಸಾಕೆಟ್ಟು ಕೂರಿಸಿ ಅದರ ಮೂಲಕ ಕರೆಂಟು ಕೊಟ್ಟೆ. ಮಾವ ಕಂಬದ ಬುಡಕ್ಕೆ ತಾವೇ ಒಂದು ಸರಳು ಬಡಿದು, "ಕರೆಂಟು ಸೋರಿದ್ರೆ ಭೂಮ್ತಾಯಿ ಕುಡ್ಕೊಂಡ್ಬಿಡ್ತಾಳೆ, ನಿನ್ ಗುಂಡಿ ಸಾಕೆಟ್ಟು ಯಾಕೋ ಬೇಕು?" ಎಂದು ಹಂಗಿಸಿದ್ದರು. "ಮಣ್ಣು ಕುಡಿಯಲ್ಲಪ್ಪಾ. ಸೋರಿದ್ದು ಹಸಿರು ತಂತಿ ಹಿಡ್ಕೊಂಡು ಪೆಟ್ಟಿಗೆಗೇ ವಾಪಸ್ ಬಂದ್ರೆ ಮಾತ್ರ ಫ್ಯೂಸ್ ಹೋಗತ್ತೆ. ಆ ತಂತಿನೂ ಕೈಕೊಟ್ರೆ ಈ ಸಾಕೆಟ್ಟೇ ಗತಿ, ಒಂದೆಳೆ ಸೋರಿದ್ರೂ ಠಕ್ ಅಂತ ಕಡಿಯತ್ತೆ" ಎಂದು ನೀನು ಅವರಿಗೆ ತಾಳ್ಮೆಯಿಂದ ತಿಳಿಸಿದ್ದೆ. ಅಪ್ಪ ಮಗ ಇಬ್ಬರೂ ಗೆದ್ದವರ ಹಾಗೆ ನಗುತ್ತಾ ಊಟಕ್ಕೆ ಬಂದಿರಿ.

ಸೆಪ್ಟೆಂಬರಿನ ಆ ಸಂಜೆ ಮಳೆ ಆಗಷ್ಟೇ ನಿಂತಿತ್ತು. ಮಾವ ಸೌನಾದಿಂದ ಬರಿಗಾಲಲ್ಲಿ ಬರುತ್ತಾ, ಯಾವಾಗಲೂ ಮಾಡುವ ಹಾಗೆ ಕಂಬಕ್ಕೆ ಕೈಕೊಟ್ಟು ಉಸಿರು ಎಳೆದುಕೊಳ್ಳಲು ನಿಂತರು. ಕಿಟಕಿಯಿಂದ ನೋಡಿದವಳು ನಾನು. ಕೈ ಕಂಬ ಬಿಡಲಿಲ್ಲ. ನಾನು ಓಡಿಹೋಗಿ ಮೇನ್ ಆರಿಸುವ ಹೊತ್ತಿಗೆ ಮುಗಿದಿತ್ತು. ನೀನು ಡುಲೂತ್‌ನಿಂದ ಆಸ್ಪತ್ರೆಗೇ ನೇರವಾಗಿ ಬಂದೆ. ಮರುದಿನ ಬೆಳಿಗ್ಗೆ ಬಂದ ಕರೆಂಟಿನ ಇನ್ಸ್‌ಪೆಕ್ಟರು ನೆಲ ಅಗೆಸಿದರು. ಮಾವ ವಸಂತದಲ್ಲಿ ಲೈಲಾಕ್ ಗಿಡ ನೆಡುವಾಗ ಸನಿಕೆ ಕೇಬಲ್ಲಿಗೆ ಬಿದ್ದು, ಅರ್ಥಿಂಗ್ ತಂತಿ ಎರಡು ತುಂಡಾಗಿ, ಕರೆಂಟಿನ ತಂತಿಯ ಮೈ ಸುಲಿದಿತ್ತು. ಅದು ನಿನ್ನ ತಪ್ಪಲ್ಲ ಎಂದು ಅವರೇ ಹೇಳಿದರು. ಆದರೆ ಗ್ಯಾರೇಜಿನ ಸಾಕೆಟ್ಟು ಬಿಚ್ಚಿ ನೋಡಿದಾಗ, ಕಂಬಕ್ಕೆ ಹೋಗುವ ತಂತಿ ಹೊರಹೋಗುವ ತಿರುಪುಗಳಲ್ಲಿ ಇರಲಿಲ್ಲ, ಒಳಬರುವ ತಿರುಪುಗಳಲ್ಲೇ ಸಿಕ್ಕಿಸಿತ್ತು. ಹಾಗಿದ್ದರೆ ಆ ಸಾಕೆಟ್ಟು ತನ್ನನ್ನು ತಾನು ಕಾಯುತ್ತದೆ, ಕಂಬವನ್ನಲ್ಲ. "ಸರಿಯಾಗಿ ಹಾಕಿದ್ದಿದ್ರೆ ನಿಮ್ ತಂದೆ ಉಳೀತಿದ್ರು" ಎಂದರು. ನೀನು ಆ ತಿರುಪುಗಳನ್ನೇ ನೋಡುತ್ತಾ ನಿಂತೆ. "ನಾನ್ ಹಿಂಗೆ ಹಾಕಿದ್ನಾ?" ಎಂದು ನನ್ನ ಕಡೆ ತಿರುಗಿ ಕೇಳಿದೆ. ಒಂದೇ ಸಲ ಕೇಳಿದ್ದು. ಆಮೇಲೆ ನೀನು ಕರೆಂಟು ಕೆಲಸದ ಲೈಸೆನ್ಸು ಹಿಂದಿರುಗಿಸಿದೆ, ಇಕ್ಕಳ, ಮೀಟರು ಎಲ್ಲವನ್ನೂ ಯಾರಿಗೋ ಕೊಟ್ಟೆ, ಅದಿರಿನ ಹಡಗು ಹತ್ತಿದೆ.

ಊರಿನವರು ಒಳ್ಳೆಯವರೇ, ಎದುರಿಗೆ ಏನೂ ಅನ್ನುವುದಿಲ್ಲ. ಚರ್ಚಿನ ಕಾಫಿಗೆ ಹೋದರೆ ನಿನ್ನ ಹೆಸರೊಂದನ್ನು ಬಿಟ್ಟು ಎಲ್ಲರ ಹೆಸರೂ ಬರುತ್ತದೆ. ಚಳಿಗಾಲದಲ್ಲಿ ಹಡಗು ನಿಂತಾಗಲೂ ನೀನು ಟೊಲೀಡೊದಲ್ಲೇ ಉಳಿಯುತ್ತೀ. ಹೋದ ಕ್ರಿಸ್‌ಮಸ್ಸಿಗೆ ಅತ್ತೆ ನಿನ್ನ ತಟ್ಟೆಯನ್ನೂ ಇಟ್ಟು, ಊಟ ಮುಗಿದ ಮೇಲೆ ಅದನ್ನೂ ಎಲ್ಲದರ ಜೊತೆ ತೊಳೆದಿಟ್ಟರು. ನಾನು ಒರೆಸಿದೆ. ನೀನು ಉತ್ತರ ಬರೆಯದಿದ್ದರೂ ನನಗೆ ಕೋಪವಿಲ್ಲ, ಕೋಪಿಸಿಕೊಳ್ಳುವ ಹಕ್ಕು ಇರುವುದು ಬೇರೆಯವರಿಗೆ. ಬರೆಯಬೇಕಾದ್ದು ಇನ್ನೂ ಇದೆ, ಕೈ ಓಡುತ್ತಿಲ್ಲ.

ನವೆಂಬರಿನ ಗಾಳಿಗೆ ಮೊದಲು ಹಡಗು ಕ್ಷೇಮವಾಗಿ ದಡ ಮುಟ್ಟಲಿ. ಡೆಕ್ ಮೇಲೆ ಹಗ್ಗ ಕಟ್ಟಿಕೊಳ್ಳದೆ ಓಡಾಡಬೇಡ. ಅಮ್ಮ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾರೆ ಎಂದು ತಿಳಿ, ಎಡಗೈ, ಬಲಗೈಗೆ ಪಟ್ಟಿಯಿದೆ.

ನಿನ್ನ
ಸಿಗ್ನೆ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಟಪಾಲಿನವನ ಗಾಡಿ ಆಚೆ ಬೀದಿಗೆ ಬಂದಿದೆ, ಬೇಗ ಬರೆಯುತ್ತೇನೆ. ನೀನು ಹಾಗೆ ಹಾಕಿರಲಿಲ್ಲ. ಆ ಆಗಸ್ಟಿನಲ್ಲಿ ಮಳೆ ಬಂದಾಗಲೆಲ್ಲ ನಿನ್ನ ಸಾಕೆಟ್ಟು ಠಕ್ ಎಂದು ಕಡಿದು ದೀಪ ಆರುತ್ತಿತ್ತು, ಅತ್ತೆ ಎರಡು ಸಲ ಎಡವಿದರು. ಮಾವ, "ಸಾದಾ ಸಾಕೆಟ್ಟು ತಂದ್ಕೊಡಮ್ಮ, ಐನಾರ್‌ಗೆ ಹೇಳ್ಬೇಡ, ಬೈತಾನೆ" ಎಂದರು. ನಾನೇ ಅಂಗಡಿಯಿಂದ ತಂದೆ. ಅವರು ಬದಲಾಯಿಸಿದರು, ನಾನು ಟಾರ್ಚು ಹಿಡಿದೆ. ಅವರನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ, ನೀನು ನೋಡುತ್ತೀಯೆಂಬ ಭಯಕ್ಕೆ, ಸಾದಾ ಸಾಕೆಟ್ಟು ಕಿತ್ತು ನಿನ್ನದನ್ನು ವಾಪಸ್ಸು ಹಾಕಿದೆ. ಯಾವ ತಿರುಪು ಯಾವುದಕ್ಕೆ ಎಂದು ನನಗೆ ತಿಳಿಯಲಿಲ್ಲ. ಇನ್ಸ್‌ಪೆಕ್ಟರು ಬಿಚ್ಚಿ ನೋಡಿದ್ದು ನನ್ನ ಕೈಕೆಲಸ. ನೀನು ತಿರುಗಿ ಕೇಳಿದಾಗ ನನಗೆ ಗೊತ್ತಿತ್ತು, ಐನಾರ್. ಮೂರು ವರ್ಷ ಗೊತ್ತಿತ್ತು. ಲೈಸೆನ್ಸು ಕಚೇರಿಗೂ ಇದನ್ನೇ ಬರೆದು ಸಹಿ ಹಾಕಿ ಲಕೋಟೆ ಅಂಟಿಸಿದ್ದೇನೆ, ಎರಡೂ ಒಟ್ಟಿಗೆ ಹೋಗುತ್ತವೆ. ಅತ್ತೆಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ನನ್ ಮಗನಿಗೆ ಹೇಳಿದ್ಯಾ?" ಎಂದರು. ಇಲ್ಲ ಎಂದೆ. "ಮತ್ತೆ ನನ್ ಮುಂದೆ ಯಾಕ್ ಅಳ್ತಾ ಕೂತಿದೀಯ? ಏಳು, ಕಾಗದ ತಗೋ" ಎಂದರು.