ಇದೇ ಬಣ್ಣದ ಗುಳಿಗಿ ಕೊಡ್ರಿ

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

"ಗ್ರಾಹಕರು ಔಷಧ ಕೊಳ್ಳುವಾಗ ಲೇಬಲ್ ಓದಿಕೊಳ್ಳತಕ್ಕದ್ದು" ಎಂಬ ತಮ್ಮ ಒಂದು ಸಾಲಿನ ಉತ್ತರ ಕೈಸೇರಿತು. ನಾನು ಬರೆದ ಐದು ಪುಟದ ದೂರನ್ನು ನಾಲ್ಕು ತಿಂಗಳು ಅರೆದು ಈ ಒಂದು ಸಾಲು ಇಳಿಸಿದ ತಮ್ಮ ಕಚೇರಿಯ ಶ್ರಮಕ್ಕೆ ಶರಣು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ; ತಾವು ಬಾಗಿಲನ್ನೂ ಹಾಕಲಿಲ್ಲ, ಕೋಟೆಯ ಮುಂದೆ ಬೋರ್ಡು ಹಾಕಿದಿರಿ. ಇರಲಿ, ಯಾವ ಲೇಬಲ್ ಓದಬೇಕು ಸ್ವಾಮಿ? ನಮ್ಮ ಇಳಕಲ್ಲಿನ, ದೂರಿನಲ್ಲಿ ಹೇಳಿದ ಆ ಔಷಧದಂಗಡಿಯಲ್ಲಿ ನೆಗಡಿಗೆ ಗುಳಿಗೆ ಕೇಳಿದರೆ ಮೊದಲು ಹೊರಬರುವುದು ಕತ್ತರಿ. ಹತ್ತು ಗುಳಿಗೆಗಳ ಪಟ್ಟಿಯಿಂದ ನಾಲ್ಕೈದು ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಹೆಸರು, ಅವಧಿ, ಎಚ್ಚರಿಕೆ ಎಲ್ಲವೂ ಅಂಗಡಿಯವರ ತುಂಡಿನಲ್ಲೇ ಉಳಿಯುತ್ತವೆ. ನಮ್ಮ ಪಾಲಿಗೆ ಬರುವುದು ಗುಳಿಗೆಯ ಬಣ್ಣ ಮಾತ್ರ.

ಒಂದು ಕಡೆ ಕಲ್ಲು ಕೊಯ್ಯುವ ಧೂಳು, ಇನ್ನೊಂದು ಕಡೆ ಮಗ್ಗದ ನೂಲಿನಿಂದ ಹಾರುವ ನವಿರು. ಈ ಊರಲ್ಲಿ ಮೂಗು ಕಟ್ಟದವರನ್ನು ಹುಡುಕಿ ಶಾಲು ಹೊದಿಸಬೇಕು. ನನ್ನ ನೆರೆಮನೆಯ ಖೈರುನಬಿಗೆ ಐವತ್ತಾರು ವರ್ಷ. ಸೀರೆಯ ಸೆರಗಿನ ಎಳೆಗಳಿಗೆ ಒಡಲಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಆಕೆಯ ಕಸುಬು. ಸರಕಾರಿ ದವಾಖಾನೆಯ ವೈದ್ಯರು ಆಕೆಯ ಸೀನಿಗೆ ನಿದ್ದೆ ಬರಿಸದ ಒಂದು ಹಳದಿ ಗುಳಿಗೆ ಕೊಟ್ಟು, "ನಿನಗ ಬಿಪಿ ಐತಿ. ಕಟ್ಟಿದ ಮೂಗು ಬಿಡಸೋ ನೆಗಡಿ ಗುಳಿಗಿ ಮಾತ್ರ ಮುಟ್ಟಬ್ಯಾಡ" ಎಂದು ಎಚ್ಚರಿಸಿದ್ದರು. ಆಕೆ ಮುಟ್ಟಲೂ ಇಲ್ಲ. ಹಳದಿ ಗುಳಿಗೆ ಒಂದೇ ಉಳಿದಾಗ ಮಾತ್ರ, ಮಗ್ಗದವರು ಯಾವತ್ತೂ ಮಾಡುವುದನ್ನೇ ಮಾಡಿದಳು. ನಮ್ಮಲ್ಲಿ ರೇಷ್ಮೆ ತರಲು ಯಾರೂ ಬಣ್ಣದ ಹೆಸರು ಹೇಳುವುದಿಲ್ಲ. ಒಂದು ಗೇಣು ನೂಲು ಒಯ್ದು, ಅಂಗಡಿಯ ನೂಲಿನ ಲಡಿಯ ಪಕ್ಕಕ್ಕಿಟ್ಟು, ಬೆಳಕಿಗೆ ಹಿಡಿದು ತಾಳೆ ನೋಡಿ ತರುತ್ತಾರೆ. ಖೈರುನಬಿ ಕೊನೆಯ ಗುಳಿಗೆಯನ್ನು ಹಾಗೆಯೇ ಒಯ್ದಳು.

"ಇದೇ ಬಣ್ಣದ ಗುಳಿಗಿ ಕೊಡ್ರಿ."

ಅಂಗಡಿಯಲ್ಲಿ ಕೂರುವ ಪಾಂಡಪ್ಪ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. "ಇದ ಐತಿ ತಗೋ. ದಿನಕ್ಕ ಎರಡು ನುಂಗು, ಮೂಗು ಖುಲ್ಲಾ ಆಗ್ತೈತಿ."

ಆ ಅಂಗಡಿಗೆ ಪದವಿ ಪಡೆದ ಫಾರ್ಮಸಿಸ್ಟರು ಇಲ್ಲವೆಂದು ಯಾರು ಹೇಳಿದರು? ಇದ್ದಾರೆ, ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಪ್ರಮಾಣಪತ್ರವಾಗಿ. ಅವರ ದೇಹ ಮಾತ್ರ ಬಾಗಲಕೋಟೆಯಲ್ಲಿ ಬೇರೆ ನೌಕರಿ ಮಾಡುತ್ತದೆ. ತಮ್ಮ ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು, ಚೌಕಟ್ಟಿನ ಕ್ಷೇಮ ವಿಚಾರಿಸಿ, ಚಹಾ ಕುಡಿದು ಹೋಗುತ್ತಾರೆ. ಚೌಕಟ್ಟು ಬಾಯಿ ಬಿಟ್ಟು ಬಿಪಿ ಇದೆಯೇ ಎಂದು ಕೇಳುತ್ತದೆಯೇ? ಮೂಗಿನ ಹನಿಯನ್ನು ಮೂರ್ನಾಲ್ಕು ದಿನ ಮೀರಿ ಹಾಕಿದರೆ ಮೂಗು ಇನ್ನಷ್ಟು ಕಟ್ಟುತ್ತದೆಂದು ನನಗೂ ಅದು ಹೇಳಲಿಲ್ಲ. ಏಳು ತಿಂಗಳು ಹಾಕಿಕೊಂಡು, ಜೇಬಿನಲ್ಲಿ ಬಾಟಲಿ ಇಲ್ಲದೆ ಹಾಲು ತರಲೂ ಹೊರಡದ ಗತಿಗೆ ಬಂದಿದ್ದೆ.

ಖೈರುನಬಿಯ ಮೂಗು ಎರಡೇ ದಿನದಲ್ಲಿ ತೆರೆಯಿತು. ಆಮೇಲೆ ತಲೆ ಸಿಡಿಯತೊಡಗಿತು. ಕೆಲಸದ ದಣಿವು ಎಂದುಕೊಂಡಳು. ಐದನೆಯ ಮಧ್ಯಾಹ್ನ ಕೊಂಡಿ ಹಾಕುತ್ತ ಕುಳಿತಲ್ಲೇ ವಾಲಿದಳು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಅಳೆದಾಗ ಬಿಪಿ ಇನ್ನೂರು ದಾಟಿತ್ತು. ಅವಳು ನುಂಗಿದ್ದು ಯಾವುದನ್ನು ಮುಟ್ಟಬೇಡವೆಂದು ವೈದ್ಯರು ಹೇಳಿದ್ದರೋ ಅದನ್ನೇ. ಜೀವ ಉಳಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಇಂದಿಗೂ ಎಳೆ ಹಿಡಿಯುವುದಿಲ್ಲ. ನೋಡಲು ಹೋದಾಗ ಆಕೆ ಹೇಳಿದ್ದಿಷ್ಟು: "ಬೆಳಕಿಗೆ ಹಿಡದು ನೋಡಿದ್ನಿರಿ ಸರ. ಬಣ್ಣ ಒಂಚೂರೂ ತಪ್ಪಿರಲಿಲ್ಲ." ಆ ಮಾತು ನೆನಪಾದಾಗಲೆಲ್ಲ ನನಗೆ ಅಳು ಬರುತ್ತದೆ, ತಮ್ಮ ಪತ್ರ ನೋಡಿದರೆ ಮೈ ಉರಿಯುತ್ತದೆ.

ಹೆಸರು ಕಾಣದಂತೆ ಪಟ್ಟಿ ಕತ್ತರಿಸುವುದನ್ನು ನಿಲ್ಲಿಸಿ. ಬಿಡಿ ಗುಳಿಗೆ ಕೊಡಲೇಬೇಕಾದರೆ, ಅದೇನು, ಅದನ್ನು ಯಾರು ನುಂಗಬಾರದು ಎಂದು ಲಕೋಟೆಯ ಮೇಲೆ ಕನ್ನಡದಲ್ಲಿ ಬರೆಸಿ. ಚೌಕಟ್ಟಿನಲ್ಲಿರುವ ಮಹನೀಯರನ್ನು ಕೆಳಗಿಳಿಸಿ ಅಂಗಡಿಯಲ್ಲಿ ಕೂರಿಸಿ. ನಂಬಿಕೆ ಬಾರದಿದ್ದರೆ ಹುದ್ದೆ ಹೇಳದೆ ತಾವೇ ಒಮ್ಮೆ ಬಂದು, ಮೂಗು ಕಟ್ಟಿದೆ ಎಂದು ಕೇಳಿ ನೋಡಿ.

ಆ ಐದು ಪುಟದಲ್ಲಿ ನಾನು ಒಂದು ವಿಷಯ ಬರೆದಿರಲಿಲ್ಲ. ಅಂಗಡಿಯಿಂದ ಬಂದ ಸಂಜೆ ಖೈರುನಬಿ ನಮ್ಮ ಕಟ್ಟೆಗೆ ಬಂದು, ಹಳೆಯದೊಂದು ಹೊಸದೊಂದು ಗುಳಿಗೆ ಅಂಗೈಯಲ್ಲಿ ಹಿಡಿದು, "ಸರ, ನೀವು ಸೈನ್ಸ್ ಮಾಸ್ತರು. ಎರಡೂ ಒಂದ ಹೌದಲ್ರಿ?" ಎಂದು ಕೇಳಿದ್ದಳು. ನಾನು ಕನ್ನಡಕ ಏರಿಸಿಕೊಂಡು ನೋಡಿದೆ. "ಹೌದವಾ, ಒಂದ ಅವ. ತಗೋ" ಎಂದೆ. ಅದಕ್ಕೆ ನನ್ನ ಮೇಲೆ ಏನು ಕ್ರಮ ಕೈಗೊಳ್ಳುತ್ತೀರೋ ಕೈಗೊಳ್ಳಿ. ಆದರೆ ಈ ಸಲ ಉತ್ತರ ಬರೆಯಬೇಡಿ, ಬನ್ನಿ.

ಇಂತಿ,
ಬಣ್ಣ ನೋಡಿ ಪದಾರ್ಥ ಗುರುತಿಸಬಾರದೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದ
ಸತ್ಯಬೋಧ
ನಿವೃತ್ತ ವಿಜ್ಞಾನ ಶಿಕ್ಷಕ, ಇಳಕಲ್ಲ